ಹೊಸ ನಾಡಿಗೆ ಮನಸ್ಸು ಒಗ್ಗುವ ಬಗೆ: ವಲಸೆ ಹೋದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಓದಿಗೋ ಮದುವೆಯಾಗಿಯೋ ಅಮೆರಿಕ, ಕೆನಡಾಗಳಿಗೆ ಹೋಗಿ ನೆಲೆಸುವ ಕನ್ನಡಿಗರು ಮತ್ತು ಊರಿನಲ್ಲಿ ಉಳಿದ ಅವರ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಮನಶ್ಶಾಸ್ತ್ರದ ತಿಳಿವಳಿಕೆಯನ್ನು ಆಧರಿಸಿ ಇಲ್ಲಿ ಉತ್ತರಿಸಲಾಗಿದೆ. ವೀಸಾದಂತಹ ಕಾನೂನಿನ ಸಂಗತಿಗಳು ಮನಸ್ಸನ್ನು ತಟ್ಟುವಷ್ಟರ ಮಟ್ಟಿಗೆ ಮಾತ್ರ ಬಂದಿವೆ.

ಹೊಸ ಸಂಸ್ಕೃತಿಗೆ ಹೊಂದಿಕೊಳ್ಳುವುದು ಎಂದರೆ ಏನು?

ರಾಬರ್ಟ್ ರೆಡ್‌ಫೀಲ್ಡ್, ರಾಲ್ಫ್ ಲಿಂಟನ್, ಮೆಲ್ವಿಲ್ ಹರ್ಸ್‌ಕೊವಿಟ್ಸ್ ಎಂಬ ಮೂವರು ಮಾನವಶಾಸ್ತ್ರಜ್ಞರು 1936ರಲ್ಲಿ ಇದಕ್ಕೆ ಒಂದು ವ್ಯಾಖ್ಯೆ ಕೊಟ್ಟರು. ಬೇರೆ ಬೇರೆ ಸಂಸ್ಕೃತಿಗಳ ಜನ ನಿರಂತರವಾಗಿ, ನೇರವಾಗಿ ಒಡನಾಡಿದಾಗ ಒಂದು ಗುಂಪಿನ ಅಥವಾ ಎರಡೂ ಗುಂಪುಗಳ ಬದುಕಿನ ರೀತಿಯಲ್ಲಿ ಆಗುವ ಬದಲಾವಣೆಯನ್ನು ಅವರು ಅಕಲ್ಚರೇಶನ್ ಎಂದರು. ಈ ವ್ಯಾಖ್ಯೆಯಲ್ಲಿ ಎಲ್ಲರೂ ಮರೆಯುವುದು ‘ಎರಡೂ ಗುಂಪುಗಳ’ ಎಂಬ ಮಾತನ್ನು. ಬಂದವರು ಮಾತ್ರ ಬದಲಾಗುತ್ತಾರೆ, ಇದ್ದವರು ಇದ್ದ ಹಾಗೆಯೇ ಇರುತ್ತಾರೆ ಎಂದು ಆ ಮೂವರು ಹೇಳಿರಲಿಲ್ಲ.

ಕನ್ನಡದಲ್ಲಿ ಇದನ್ನು ಕೆಲವರು ‘ಸಂಸ್ಕೃತೀಕರಣ’ ಎಂದು ಅನುವಾದಿಸುವುದುಂಟು. ಅದು ಗೊಂದಲಕ್ಕೆ ಎಡೆಮಾಡುತ್ತದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರಿಂದಾಗಿ ಆ ಪದ, ಕೆಳಗಿನದೆಂದು ಎಣಿಸಲಾದ ಜಾತಿಯೊಂದು ಮೇಲಿನ ಜಾತಿಯ ಆಚಾರಗಳನ್ನು ಅನುಸರಿಸುವ ಪ್ರಕ್ರಿಯೆಯ ಹೆಸರಾಗಿ ಈಗಾಗಲೇ ನೆಲೆಯೂರಿದೆ. ಆದ್ದರಿಂದ ಇಲ್ಲಿ ‘ಹೊಂದಿಕೆ’ ಎಂಬ ಸರಳ ಪದವನ್ನೇ ಬಳಸಲಾಗಿದೆ.

ನಾನು ಎಷ್ಟು ಬದಲಾಗಬೇಕು, ಎಷ್ಟು ಉಳಿಸಿಕೊಳ್ಳಬೇಕು?

ಈ ಪ್ರಶ್ನೆಯನ್ನು ಹೀಗೆ ಕೇಳುವಾಗಲೇ ಒಂದು ತಪ್ಪು ಎಣಿಕೆ ನುಸುಳಿರುತ್ತದೆ. ಹೊಸತು ಒಂದು ಸೇರು ಒಳಗೆ ಬಂದರೆ ಹಳೆಯದು ಒಂದು ಸೇರು ಹೊರಗೆ ಹೋಗಲೇಬೇಕು ಎಂಬುದು ಆ ಎಣಿಕೆ. ಕೆನಡಾದ ಕಿಂಗ್‌ಸ್ಟನ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ವಲಸಿಗನ ಮುಂದೆ ಇರುವುದು ಒಂದಲ್ಲ, ಎರಡು ಪ್ರಶ್ನೆಗಳು: ತಂದ ಸಂಸ್ಕೃತಿಯನ್ನು ಕಾಪಾಡಿಕೊಳ್ಳಬೇಕೇ ಎಂಬುದು ಮೊದಲನೆಯದು, ಹೊಸ ಸಮಾಜದೊಡನೆ ಬೆರೆಯಬೇಕೇ ಎಂಬುದು ಎರಡನೆಯದು. ಎರಡಕ್ಕೂ ಹೌದು ಎಂದರೆ ಸಮನ್ವಯ. ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎಂದರೆ ವಿಲೀನ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದರೆ ಪ್ರತ್ಯೇಕತೆ. ಎರಡೂ ಕೈತಪ್ಪಿ ಹೋದರೆ ಅಂಚಿಗೆ ಸರಿದ ಸ್ಥಿತಿ.

ಈ ನಾಲ್ಕು ಮನೆಗಳಲ್ಲಿ ‘ನನ್ನದು ಯಾವುದು’ ಎಂದು ಹುಡುಕಿ ಕೂರುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಒಬ್ಬರೇ ವ್ಯಕ್ತಿ ಒಂದೇ ದಿನದಲ್ಲಿ ಮೂರು ಮನೆಗಳಲ್ಲಿ ಇದ್ದು ಬರುತ್ತಾರೆ. ಕಚೇರಿಯಲ್ಲಿ ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯುವವರು, ಮನೆಗೆ ಬಂದೊಡನೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅನ್ನ ಸಾರು ಉಂಡು, ಮಗಳ ಮದುವೆಯ ಮಾತು ಬಂದಾಗ ತಾವು ಬಿಟ್ಟುಬಂದ ಓಣಿಯ ಅಳತೆಗೋಲನ್ನೇ ಹಿಡಿಯುತ್ತಾರೆ. ಉಡುಗೆ, ಕೆಲಸದ ರೀತಿ, ಸಂತೆ ವ್ಯಾಪಾರದಂತಹ ಹೊರಗಿನ ಸಂಗತಿಗಳು ಬೇಗ ಬದಲಾಗುತ್ತವೆ. ಮದುವೆ, ಮಕ್ಕಳ ಪಾಲನೆ, ದೇವರು, ಹಿರಿಯರ ಆರೈಕೆಯಂತಹ ಒಳಗಿನವು ನಿಧಾನವಾಗಿ ಸರಿಯುತ್ತವೆ. ಇದರಲ್ಲಿ ಕಪಟವೇನೂ ಇಲ್ಲ.

ಕೆಲವು ಸಣ್ಣ ನಡವಳಿಕೆಗಳು ಮಾತ್ರ ಎಣಿಸಿದ್ದಕ್ಕಿಂತ ಆಳಕ್ಕೆ ಬೇರು ಬಿಟ್ಟಿರುತ್ತವೆ. ವರ್ಷಕ್ಕೊಮ್ಮೆ ತನ್ನ ಕೆಲಸವನ್ನು ತಾನೇ ಹೊಗಳಿ ಬರೆದುಕೊಡಬೇಕಾದ ಕಚೇರಿಯ ಪದ್ಧತಿ ಅಂತಹದ್ದು. ಆತ್ಮಪ್ರಶಂಸೆ ಸಲ್ಲದು ಎಂದು ಕೇಳಿ ಬೆಳೆದವರಿಗೆ ಅದು ಬರೀ ಭಾಷೆಯ ತೊಡಕಲ್ಲ, ನಾಚಿಕೆಯ ಪ್ರಶ್ನೆ. ಮನೆಯವರಿಗೆ ಥ್ಯಾಂಕ್ಸ್ ಹೇಳುವುದನ್ನೇ ದೂರ ಮಾಡಿದಂತೆ ಎಂದು ಭಾವಿಸುವವರಿಗೆ, ಹತ್ತು ನಿಮಿಷಕ್ಕೊಮ್ಮೆ ಆ ಪದ ಕೇಳುವ ಸಮಾಜದಲ್ಲಿ ಏನೋ ಕೃತಕ ಎನಿಸುವುದೂ ಇದೇ ಕಾರಣಕ್ಕೆ.

ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುವುದಿಲ್ಲವೇ?

ನಮ್ಮ ಗಾದೆಯ ಎಚ್ಚರಿಕೆಯನ್ನೇ ಷಿಕಾಗೊದ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್ 1928ರಲ್ಲಿ ಬೇರೆ ಮಾತಿನಲ್ಲಿ ಆಡಿದ್ದರು. ಎರಡು ಸಂಸ್ಕೃತಿಗಳ ಗಡಿಯಲ್ಲಿ ನಿಂತು ಯಾವುದಕ್ಕೂ ಪೂರ್ತಿ ಸೇರದ ಮನುಷ್ಯನ ಒಳಗಿನ ತಳಮಳವನ್ನು ಅವರು ವಿವರಿಸಿದರು. ಆ ತಳಮಳ ನಿಜ, ಆದರೆ ಅದು ಎಲ್ಲರ ಪಾಡೂ ಅಲ್ಲ.

2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಯಿಂಗ್-ಯಿ ಹಾಂಗ್ ಮತ್ತು ಸಂಗಡಿಗರು ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳಿಗೆ ಮೊದಲು ಚೀನೀ ಅಥವಾ ಅಮೆರಿಕನ್ ಸಂಸ್ಕೃತಿಯನ್ನು ನೆನಪಿಸುವ ಚಿತ್ರಗಳನ್ನು ತೋರಿಸಿ, ಆಮೇಲೆ ಗುಂಪಿನ ಮುಂದೆ ಒಂಟಿಯಾಗಿ ಈಜುತ್ತಿರುವ ಮೀನೊಂದರ ಚಿತ್ರವನ್ನು ಕೊಟ್ಟು ಅದು ಹಾಗೇಕೆ ಈಜುತ್ತಿದೆ ಎಂದು ವಿಚಾರಿಸಿದರು. ಚೀನೀ ಚಿತ್ರಗಳನ್ನು ನೋಡಿದವರು ಹಿಂದಿರುವ ಗುಂಪಿನ ಪ್ರಭಾವವನ್ನು ಕಾರಣವಾಗಿ ಕಂಡದ್ದು ಹೆಚ್ಚು. ಅಮೆರಿಕನ್ ಚಿತ್ರಗಳನ್ನು ನೋಡಿದವರು ಆ ಮೀನಿನ ಸ್ವಂತ ಗುಣವನ್ನು ಕಂಡದ್ದು ಹೆಚ್ಚು. ಎರಡು ಸಂಸ್ಕೃತಿಗಳನ್ನು ಒಳಗೆ ಹೊತ್ತವರ ಮನಸ್ಸು ಸಂದರ್ಭ ನೋಡಿ ಒಂದರಿಂದ ಇನ್ನೊಂದಕ್ಕೆ ಹೊರಳುತ್ತದೆ ಎಂಬುದನ್ನು ಇದು ತೋರಿಸಿಕೊಟ್ಟಿತು. ಬೆಳಗಾವಿಯಲ್ಲೋ ಕಾಸರಗೋಡಿನಲ್ಲೋ ಮೂರು ಭಾಷೆಗಳ ನಡುವೆ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

ಹೀಗೆ ಹೊರಳುವುದು ಕೆಲವರಿಗೆ ಸಲೀಸು, ಕೆಲವರಿಗೆ ಹಿಂಸೆ. ವೆರೋನಿಕಾ ಬೆನೆಟ್-ಮಾರ್ಟಿನೆಜ್ ಎಂಬ ಮನಶ್ಶಾಸ್ತ್ರಜ್ಞೆ ತೋರಿಸಿದಂತೆ, ತನ್ನೊಳಗಿನ ಎರಡು ಸಂಸ್ಕೃತಿಗಳು ಪರಸ್ಪರ ಹೊಂದುತ್ತವೆ ಎಂದು ಭಾವಿಸುವವರು ಮತ್ತು ಅವು ಕಾದಾಡುತ್ತಿವೆ ಎಂದು ಭಾವಿಸುವವರು ಬೇರೆ ಬೇರೆ ರೀತಿಯಲ್ಲಿ ವರ್ತಿಸುತ್ತಾರೆ. ಈ ಕಾದಾಟದ ಭಾವನೆ ಹುಟ್ಟುವುದರಲ್ಲಿ ತಾರತಮ್ಯದ ಅನುಭವಕ್ಕೂ ಮನೆಯೊಳಗಿನ ಒತ್ತಾಯಕ್ಕೂ ದೊಡ್ಡ ಪಾಲಿದೆ.

ನಾಲ್ಕು ದಾರಿಗಳಲ್ಲಿ ಮನಸ್ಸಿಗೆ ಹಿತವಾದದ್ದು ಯಾವುದು?

ಸಮನ್ವಯ ಎಂಬುದು ಸಾಮಾನ್ಯ ಉತ್ತರ. ಬೆರ್ರಿ ಮತ್ತು ಸಂಗಡಿಗರು ಹದಿಮೂರು ದೇಶಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಲಸಿಗ ಹದಿಹರೆಯದವರನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಎರಡೂ ಕಡೆ ನಂಟು ಇಟ್ಟುಕೊಂಡವರ ಗುಂಪೇ ಎಲ್ಲಕ್ಕಿಂತ ದೊಡ್ಡದಾಗಿತ್ತು, ಮತ್ತು ಒಟ್ಟಾರೆ ಹೊಂದಿಕೆ ಅವರಲ್ಲೇ ಉತ್ತಮವಾಗಿತ್ತು. ಆದರೂ ಇದನ್ನು ಔಷಧದ ಚೀಟಿಯಂತೆ ಓದಬಾರದು. ಎರಡೂ ಕಡೆ ಬೆರೆತದ್ದರಿಂದ ಅವರು ನೆಮ್ಮದಿಯಿಂದ ಇದ್ದಾರೆಯೋ, ನೆಮ್ಮದಿಯಿಂದ ಇರುವುದರಿಂದಲೇ ಎರಡೂ ಕಡೆ ಬೆರೆಯಲು ಅವರಿಗೆ ಸಾಧ್ಯವಾಯಿತೋ ಎಂಬುದನ್ನು ಒಂದೇ ಸಲ ನಡೆಸಿದ ಸಮೀಕ್ಷೆ ಬಿಡಿಸಿ ಹೇಳಲಾರದು.

ಇನ್ನೂ ಮುಖ್ಯವಾದದ್ದೆಂದರೆ, ಆಯ್ಕೆ ವಲಸಿಗನ ಕೈಯಲ್ಲಿ ಮಾತ್ರ ಇರುವುದಿಲ್ಲ. ಸಮಾಜ ಬಾಗಿಲು ತೆರೆದರೆ ಮಾತ್ರ ಸಮನ್ವಯ ಎಂಬುದನ್ನು ಬೆರ್ರಿ ಅವರೂ ಒತ್ತಿ ಹೇಳಿದ್ದಾರೆ. ಕೆನಡಾ 1971ರಲ್ಲಿ ಬಹುಸಂಸ್ಕೃತಿಯನ್ನು ಸರ್ಕಾರದ ನೀತಿಯಾಗಿ ಘೋಷಿಸಿ, 1988ರಲ್ಲಿ ಕಾಯ್ದೆಯನ್ನೂ ಮಾಡಿತು. ತುಮಕೂರು ಜಿಲ್ಲೆಯ ಶಿರಾ ತಾಲೂಕಿನ ಮೂಲದ, ಆಗ ಕೆನಡಾದ ಸಂಸದರಾಗಿದ್ದ ಚಂದ್ರ ಆರ್ಯ 2022ರ ಮೇ ತಿಂಗಳಿನಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ನಾವು ಅಭಿಮಾನದಿಂದ ಹಂಚಿಕೊಂಡೆವು; ಹಾಗೆ ಮಾತನಾಡಲು ಬಿಡುವ ಸಭೆಯೊಂದು ಅಲ್ಲಿ ಇತ್ತು ಎಂಬುದೂ ಅಷ್ಟೇ ಗಮನಾರ್ಹ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಕೊಲ್ಲಿ ದೇಶಗಳದ್ದು. ಮಂಗಳೂರು, ಉಡುಪಿ, ಭಟ್ಕಳಗಳಿಂದ ಹೋದವರು ಅಲ್ಲಿ ಮೂವತ್ತು ವರ್ಷ ದುಡಿದರೂ ಸಾಮಾನ್ಯವಾಗಿ ಪೌರತ್ವ ಸಿಗುವುದಿಲ್ಲ, ವಾಸದ ಪರವಾನಗಿ ಕೆಲಸಕ್ಕೇ ಅಂಟಿಕೊಂಡಿರುತ್ತದೆ, ಕಡಿಮೆ ಸಂಬಳದವರು ಕುಟುಂಬವನ್ನು ಕರೆಸಿಕೊಳ್ಳುವಂತೆಯೂ ಇಲ್ಲ. ಅಂಥವರು ತಮ್ಮವರ ನಡುವೆಯೇ ಉಳಿದು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದರೆ, ಅದನ್ನು ಹೊಂದಿಕೊಳ್ಳಲಾಗದ ಸ್ವಭಾವ ಎನ್ನುವುದು ಅನ್ಯಾಯ.

ಮೊದಲು ಖುಷಿ, ಮೂರು ತಿಂಗಳಿಗೆ ಬೇಸರ, ಆಮೇಲೆ ಎಲ್ಲವೂ ಸರಿ ಎನ್ನುತ್ತಾರೆ. ನನಗೆ ಬಂದ ದಿನದಿಂದಲೇ ಬೇಸರ. ಏನಾದರೂ ತೊಂದರೆಯೇ?

ತೊಂದರೆ ಇರುವುದು ಆ ಹೇಳಿಕೆಯಲ್ಲಿ. ನಾರ್ವೆಯ ಸ್ವೆರ್ರೆ ಲಿಸ್‌ಗಾರ್ಡ್ 1955ರಲ್ಲಿ, ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿಬಂದ ಸುಮಾರು 200 ನಾರ್ವೆಯನ್ನರನ್ನು ಮಾತನಾಡಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರು ಅಷ್ಟಾಗಿ ಹೊಂದಿಕೊಂಡಿರಲಿಲ್ಲ. ಇಂಗ್ಲಿಷಿನ ಯು ಅಕ್ಷರದ ಆಕಾರದ ಪ್ರಸಿದ್ಧ ರೇಖೆ ಹುಟ್ಟಿದ್ದು ಹೀಗೆ. ಅವರು ಬೇರೆ ಬೇರೆ ಅವಧಿಗೆ ಹೋದ ಬೇರೆ ಬೇರೆ ಜನ. ಒಬ್ಬರನ್ನೇ ಮೊದಲ ದಿನದಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಿದ್ದಲ್ಲ. ನ್ಯೂಜಿಲೆಂಡಿನಲ್ಲಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ಜಪಾನಿನ ವಿದ್ಯಾರ್ಥಿಗಳನ್ನು ಬಂದಿಳಿದಾಗಿನಿಂದ ಒಂದು ವರ್ಷದವರೆಗೆ ಹಲವು ಸಲ ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಕಟ ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಬಂದ ಹೊಸತರಲ್ಲೇ.

‘ಸಾಂಸ್ಕೃತಿಕ ಆಘಾತ’ ಎಂಬ ಮಾತನ್ನು 1950ರ ದಶಕದಲ್ಲಿ ಪ್ರಚಾರಕ್ಕೆ ತಂದ ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ ಅದರ ಲಕ್ಷಣಗಳಲ್ಲಿ ಪದೇ ಪದೇ ಕೈ ತೊಳೆಯುವುದನ್ನೂ, ಕುಡಿಯುವ ನೀರು, ಊಟ, ಹಾಸಿಗೆಗಳ ಬಗೆಗಿನ ಅತಿಯಾದ ಕಳವಳವನ್ನೂ ಸೇರಿಸಿದ್ದರು. ದಿನನಿತ್ಯದ ಒಡನಾಟಕ್ಕೆ ಆಧಾರವಾದ ನೂರಾರು ಸಣ್ಣ ಗುರುತುಗಳು ಒಮ್ಮೆಗೇ ಇಲ್ಲವಾದಾಗ ಹುಟ್ಟುವ ಆತಂಕ ಅದು ಎಂಬುದು ಅವರ ವಿವರಣೆ. ಎದುರು ಸಿಕ್ಕವರಿಗೆ ‘ಊಟ ಆಯ್ತಾ’ ಎಂದರೆ ಸಾಕಾಗಿದ್ದ ಕಡೆಯಿಂದ, ಲಿಫ್ಟಿನಲ್ಲಿ ಹವಾಮಾನದ ಬಗ್ಗೆ ಎರಡು ಮಾತು ಆಡಬೇಕಾದ ಕಡೆಗೆ ಬಂದವರಿಗೆ ಈ ವಿವರಣೆ ತಾನಾಗಿ ಅರ್ಥವಾಗುತ್ತದೆ.

ಮಿಷಿಗನ್, ಒಂಟಾರಿಯೊಗಳಂತಹ ಕಡೆ ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಬೆಳಕಿನ ಈ ಕೊರತೆ ಕೆಲವರಲ್ಲಿ ಋತುಮಾನದ ಖಿನ್ನತೆಯನ್ನು ತರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಎಲ್ಲ ಬೇಸರವನ್ನೂ ಸಂಸ್ಕೃತಿಯ ತಲೆಗೆ ಕಟ್ಟಬೇಕಾಗಿಲ್ಲ.

ಕೆಲಸ ಚೆನ್ನಾಗಿ ನಡೆಯುತ್ತಿದೆ, ಭಾಷೆಯ ತೊಂದರೆಯಿಲ್ಲ. ಆದರೂ ನೆಮ್ಮದಿ ಇಲ್ಲವೇಕೆ?

ಅವೆರಡೂ ಬೇರೆ ಬೇರೆ ಸಂಗತಿಗಳು. ಮೇಲೆ ಹೆಸರಿಸಿದ ವಾರ್ಡ್ ಅವರು ಬದುಕಿನ ವ್ಯವಹಾರ ಕಲಿಯುವ ಹೊಂದಿಕೆಯನ್ನೂ ಮನಸ್ಸಿನ ಹೊಂದಿಕೆಯನ್ನೂ ಬೇರ್ಪಡಿಸಿದರು. ಮೊದಲನೆಯದು ಕಲಿಕೆ: ಕಾರು ಓಡಿಸುವುದು, ಬ್ಯಾಂಕಿನ ವ್ಯವಹಾರ, ಸಭೆಯಲ್ಲಿ ಮಾತಿನ ಸರದಿ ಹಿಡಿಯುವುದು. ಅದು ಕಾಲ ಸರಿದಂತೆ ಬಹುಮಟ್ಟಿಗೆ ಮೇಲೇರುತ್ತದೆ. ಎರಡನೆಯದು ಆಪ್ತರ ಬೆಂಬಲ, ಸ್ವಭಾವ, ಬದುಕಿನ ಏರುಪೇರುಗಳನ್ನು ಅವಲಂಬಿಸಿದ್ದು, ಅದು ಏರಿಳಿಯುತ್ತದೆ. ಹತ್ತು ವರ್ಷದ ಹಿಂದೆ ಬಂದು ಎಲ್ಲವನ್ನೂ ಕಲಿತಿದ್ದವರು, ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿಯನ್ನು ರಾತ್ರಿ ಎರಡು ಗಂಟೆಯ ಫೋನಿನಲ್ಲಿ ಕೇಳಿ, ವೀಸಾದ ಕಾಗದ ಪತ್ರಗಳ ಕಾರಣದಿಂದ ಹೊರಡಲಾಗದೆ ಉಳಿದಾಗ, ಬಂದ ಮೊದಲ ವಾರಕ್ಕಿಂತ ಹೆಚ್ಚು ಪರಕೀಯರಾಗಿಬಿಡಬಹುದು.

ಜೊತೆಗೆ ಬಂದ ಹೆಂಡತಿಗೆ ಅಥವಾ ಗಂಡನಿಗೆ ಏಕೆ ಹೆಚ್ಚು ಕಷ್ಟವಾಗುತ್ತದೆ?

ಕೆಲಸಕ್ಕೆಂದು ಬಂದವರಿಗೆ ಮೊದಲ ದಿನವೇ ಕುರ್ಚಿ, ಗುರುತಿನ ಚೀಟಿ, ಸಹೋದ್ಯೋಗಿಗಳು ಎಲ್ಲವೂ ಸಿದ್ಧವಾಗಿರುತ್ತವೆ. ಜೊತೆಗೆ ಬಂದವರಿಗೆ ಸಿಗುವುದು ನಾಲ್ಕು ಗೋಡೆ ಮತ್ತು ಊರಿನ ರಾತ್ರಿಗೆ ಹಗಲಾಗುವ ಗಡಿಯಾರ. ಅಮೆರಿಕದ ಎಚ್-4 ವೀಸಾದಲ್ಲಿ ಬಂದ ಸಂಗಾತಿಗಳು ಬಹುಕಾಲ ಕೆಲಸ ಮಾಡುವಂತೆಯೇ ಇರಲಿಲ್ಲ. 2015ರಿಂದ, ಗ್ರೀನ್ ಕಾರ್ಡಿನ ಪ್ರಕ್ರಿಯೆಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ ಅವಕಾಶ ತೆರೆಯಿತು. ಬೆಂಗಳೂರಿನಲ್ಲಿ ಎಂಜಿನಿಯರೋ ಉಪನ್ಯಾಸಕಿಯೋ ಆಗಿದ್ದವರು ಅಲ್ಲಿ ‘ಇಂಥವರ ಹೆಂಡತಿ’ ಮಾತ್ರ ಆಗಿ ಉಳಿಯುವುದು ಸಂಸ್ಕೃತಿಯ ಆಘಾತಕ್ಕಿಂತ ಹೆಚ್ಚಾಗಿ ಸ್ಥಾನನಷ್ಟದ ದುಃಖ. ‘ಹೊರಗೆ ಹೋಗು, ನಾಲ್ಕು ಜನರ ಪರಿಚಯ ಮಾಡಿಕೋ’ ಎಂಬ ಉಪದೇಶ ಇದಕ್ಕೆ ಪರಿಹಾರವಲ್ಲ. ವಾಹನ ಚಾಲನೆಯ ಪರವಾನಗಿ, ಗ್ರಂಥಾಲಯದ ಸದಸ್ಯತ್ವ, ಸಮುದಾಯ ಕಾಲೇಜಿನ ಒಂದು ತರಗತಿ, ತನ್ನದೇ ಹೆಸರಿನ ಬ್ಯಾಂಕ್ ಖಾತೆ ಇವು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಕೆಲಸದಲ್ಲಿರುವವರಿಗೂ ಅತಂತ್ರತೆ ತಪ್ಪಿದ್ದಲ್ಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ಮನೆ ಕೊಳ್ಳಬೇಕೇ, ಹಿತ್ತಲಲ್ಲಿ ಗಿಡ ನೆಡಬೇಕೇ ಎಂಬುದು ಕೂಡ ಮುಂದೂಡಲ್ಪಡುವ ಬದುಕಿನಲ್ಲಿ ಮನಸ್ಸು ಪೂರ್ತಿ ಬೇರೂರದಿದ್ದರೆ ಅದು ದೌರ್ಬಲ್ಯವಲ್ಲ, ಲೆಕ್ಕಾಚಾರ.

ಕನ್ನಡ ಕೂಟ, ಕನ್ನಡಿಗ ಗೆಳೆಯರು ಎಂದು ನಮ್ಮವರ ಜೊತೆಗೇ ಇದ್ದರೆ ಹೊಂದಿಕೆಗೆ ಅಡ್ಡಿಯೇ?

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುವಂತೆ, ಹೊಸ ಸಮಾಜದ ಸಂಪರ್ಕ ಹೇಗಿದ್ದರೂ ಬಂದೇ ಬರುತ್ತದೆ. ನಮ್ಮವರ ಬೆಂಬಲ ಅದಕ್ಕೆ ಬಲ ಕೊಡುತ್ತದೆಯೇ ಹೊರತು ಅಡ್ಡ ನಿಲ್ಲುವುದಿಲ್ಲ. ಮುಂಬಯಿಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿಗೆ ಹೋಗಿಬರುವವರು ಮರಾಠಿಯನ್ನೂ ಕಲಿತರು, ಮುಂಬಯಿಯವರೂ ಆದರು. ಅಮೆರಿಕದ ಕನ್ನಡ ಕೂಟಗಳಲ್ಲಿ ಬಾಡಿಗೆ ಮನೆ, ಮಕ್ಕಳ ವೈದ್ಯರು, ಕೆಲಸ ಹೋದಾಗಿನ ದಾರಿ ಇವುಗಳ ತಿಳಿವಳಿಕೆ ಯುಗಾದಿಯ ಊಟದ ಸಾಲಿನಲ್ಲೇ ಹರಿದಾಡುತ್ತದೆ.

ಪ್ರತ್ಯೇಕವಾಗಿ ಉಳಿಯುವುದೂ ಒಂದು ಸಮುದಾಯದ ಉದ್ದೇಶವಾಗಿರಬಹುದು. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಗೆ ಬಂದ ಟಿಬೆಟಿಯನ್ನರು ವ್ಯವಹಾರಕ್ಕೆ ಕನ್ನಡ ಕಲಿತರು, ಮುಸುಕಿನ ಜೋಳ ಬೆಳೆದರು, ಆದರೆ ತಮ್ಮ ಶಾಲೆ, ವಿಹಾರ, ಭಾಷೆಗಳನ್ನು ಬಿಡಲಿಲ್ಲ. ತಾಯ್ನಾಡಿನಲ್ಲೇ ಅಪಾಯಕ್ಕೆ ಸಿಲುಕಿದ ಸಂಸ್ಕೃತಿಯೊಂದನ್ನು ಹೊತ್ತು ತಂದವರು ಬೇರೆ ರೀತಿ ನಡೆದುಕೊಳ್ಳಬೇಕಿತ್ತು ಎಂದು ನಾವು ನಿರೀಕ್ಷಿಸಲಾದೀತೇ?

ಎಚ್ಚರ ಬೇಕಾದದ್ದು ಬೇರೊಂದು ಕಡೆ. ಕೂಟದೊಳಗೆ ಸಂಬಳ, ಮನೆಯ ಅಳತೆ, ಮಕ್ಕಳ ಅಂಕಗಳ ಹೋಲಿಕೆ ಶುರುವಾದರೆ ಬೆಂಬಲ ಕೊಡಬೇಕಾದ ಜಾಗವೇ ಒತ್ತಡದ ಜಾಗವಾಗುತ್ತದೆ. ಮನೆಯ ಕಷ್ಟವನ್ನು ಅಲ್ಲಿ ಹೇಳಿಕೊಳ್ಳಲು ಹಿಂಜರಿಯುವವರು ಇರುವುದಕ್ಕೆ ಕಾರಣ ಇದೇ.

ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ನಾವು ಎಲ್ಲಿ ತಪ್ಪಿದೆವು?

ಹೆಚ್ಚಿನ ವಲಸಿಗ ಮನೆಗಳಲ್ಲಿ ನಡೆಯುವುದೇ ಇದು. ತಪ್ಪು ಹುಡುಕುವ ಅಗತ್ಯವಿಲ್ಲ. ಶಾಲೆಯ ಭಾಷೆಗೆ ಗೆಳೆಯರ ಬಲವಿದೆ, ಮನೆಯ ಭಾಷೆಗೆ ಅಪ್ಪ ಅಮ್ಮನ ಬಲ ಮಾತ್ರ. ಅರ್ಥ ಮಾಡಿಕೊಂಡು ಉತ್ತರಿಸುತ್ತಿದ್ದಾನೆ ಎಂದರೆ ಭಾಷೆ ಒಳಗೆ ಇದೆ, ಅದು ಅಜ್ಜ ಅಜ್ಜಿಯ ಮುಂದೆ ಅಥವಾ ರಜೆಯಲ್ಲಿ ಊರಿಗೆ ಬಂದಾಗ ಬಾಯಿಗೂ ಬರಬಹುದು. ಎರಡು ಭಾಷೆಗಳಿಂದ ಮಗುವಿನ ಬುದ್ಧಿಗೆ ಗೊಂದಲವಾಗುತ್ತದೆ ಎಂದು ಕನ್ನಡವನ್ನು ನಿಲ್ಲಿಸಿಬಿಡುವುದಕ್ಕೆ ಮಾತ್ರ ಶಾಸ್ತ್ರದ ಆಧಾರವಿಲ್ಲ.

ನಿಜವಾದ ತೊಡಕು ವೇಗದ ವ್ಯತ್ಯಾಸದಲ್ಲಿದೆ. ಮಿಯಾಮಿಯಲ್ಲಿ ನೆಲೆಸಿದ ಕ್ಯೂಬಾದ ಕುಟುಂಬಗಳ ನಡುವೆ ಕೆಲಸ ಮಾಡಿದ ಹೋಸೆ ಸಪೋಚ್ನಿಕ್ ಅವರು, ಮಕ್ಕಳು ಬೇಗ ಬದಲಾಗಿ ಹಿರಿಯರು ನಿಧಾನವಾಗಿ ಬದಲಾಗುವಾಗ ತಲೆಮಾರುಗಳ ಸಹಜ ಜಗಳಕ್ಕೆ ಸಂಸ್ಕೃತಿಯ ಜಗಳವೂ ಸೇರಿಕೊಳ್ಳುವುದನ್ನು ಗುರುತಿಸಿದರು. ಅವರು ಬೆಳೆಸಿದ ಚಿಕಿತ್ಸಾಕ್ರಮ ಮಕ್ಕಳನ್ನು ಹಿಂದಕ್ಕೆ ಎಳೆಯುವುದಕ್ಕೆ ಸೀಮಿತವಾಗಿರಲಿಲ್ಲ. ಹಿರಿಯರಿಗೂ ಮಕ್ಕಳಿಗೂ ಎರಡೂ ಸಂಸ್ಕೃತಿಗಳಲ್ಲಿ ಓಡಾಡುವುದನ್ನು ಕಲಿಸುತ್ತಿತ್ತು. ಗೆಳೆಯನ ಮನೆಯಲ್ಲಿ ರಾತ್ರಿ ತಂಗುವುದು, ಹದಿನಾರರಲ್ಲಿ ಕಾರಿನ ಬೀಗದ ಕೈ, ಶಾಲೆಯ ನೃತ್ಯಕೂಟ ಇವುಗಳ ಬಗ್ಗೆ ‘ನಮ್ಮಲ್ಲಿ ಹೀಗಿಲ್ಲ’ ಎಂಬ ಉತ್ತರ ಮಗುವಿನ ಕಿವಿಗೆ ‘ನೀನು ನಮ್ಮವನಲ್ಲ’ ಎಂದು ಕೇಳಿಸೀತು. ಕಾರಣ ಹೇಳಿ ನಿರಾಕರಿಸುವುದು ಬೇರೆ.

ಇದರ ಜೊತೆಗೆ, ತಂದೆ ತಾಯಿ ಹಿಡಿದುಕೊಂಡಿರುವ ‘ನಮ್ಮ ಸಂಸ್ಕೃತಿ’ ತಾವು ಊರು ಬಿಟ್ಟ ವರ್ಷದ್ದು. 1998ರಲ್ಲಿ ಹೊರಟವರ ಮನೆಯೊಳಗೆ 1998ರ ಮೈಸೂರು ಹಾಗೆಯೇ ನಿಂತಿರುತ್ತದೆ. ನಿಜವಾದ ಮೈಸೂರಿನಲ್ಲಿರುವ ಅಣ್ಣನ ಮಕ್ಕಳು ಅದನ್ನು ದಾಟಿ ಬಹಳ ಮುಂದೆ ಹೋಗಿರುತ್ತಾರೆ.

ಅಪ್ಪ ಅಮ್ಮನನ್ನು ಕರೆಸಿಕೊಂಡರೆ ಅವರಿಗೂ ನಮಗೂ ನೆಮ್ಮದಿಯೇ?

ಮೊಮ್ಮಕ್ಕಳಿಗೆ ಖಂಡಿತ ಲಾಭ. ಹಿರಿಯರಿಗೆ ಮಾತ್ರ, ಕಾರು ಓಡಿಸಲು ಬಾರದ ಕಡೆ ಹಗಲಿಡೀ ಮನೆಯಲ್ಲಿ ಉಳಿಯುವುದು, ಬೆಳಗಿನ ವಾಯುವಿಹಾರದ ಗೆಳೆಯರಿಲ್ಲದಿರುವುದು, ಮಗನನ್ನು ಕೇಳದೆ ಒಂದು ಮಾತ್ರೆಯನ್ನೂ ತರಲಾಗದಿರುವುದು ದೊಡ್ಡ ಹೊಡೆತ. ಊರಿನಲ್ಲಿ ಮನೆಯ ಯಜಮಾನರಾಗಿದ್ದವರು ಇಲ್ಲಿ ಅತಿಥಿಗಳಾಗುತ್ತಾರೆ. ಕಾಲ್ನಡಿಗೆಯಲ್ಲಿ ತಲುಪಬಹುದಾದ ಉದ್ಯಾನವೋ ದೇವಸ್ಥಾನವೋ ಗ್ರಂಥಾಲಯವೋ ಹತ್ತಿರ ಇದ್ದರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಚರ್ಮದ ಬಣ್ಣಕ್ಕೋ ಮಾತಿನ ಉಚ್ಚಾರಣೆಗೋ ಅವಮಾನವಾದಾಗ ಮನಸ್ಸಿಗೆ ಏನಾಗುತ್ತದೆ?

ತಾರತಮ್ಯದ ಅನುಭವ ಖಿನ್ನತೆ, ಆತಂಕಗಳನ್ನು ಹೆಚ್ಚಿಸುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಸ್ಥಿರವಾಗಿ ಕಂಡುಬಂದಿದೆ. ಹೊರಗಿನವರು ತಳ್ಳಿದಷ್ಟೂ ತನ್ನ ಗುಂಪಿನೊಡನೆ ಬೆಸುಗೆ ಬಿಗಿಯಾಗುತ್ತದೆ, ಆ ಬೆಸುಗೆ ನೋವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ‘ನಾವು ಇನ್ನಷ್ಟು ಹೊಂದಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ತಮ್ಮನ್ನೇ ದೂರಿಕೊಳ್ಳುವವರು 1923ರ ಒಂದು ತೀರ್ಪನ್ನು ನೆನೆಯಬೇಕು. ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ, ಬಿಳಿಯರಲ್ಲ ಎಂಬ ಕಾರಣಕ್ಕೆ, ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಪೌರತ್ವದ ಅರ್ಹತೆಯನ್ನು ನಿರಾಕರಿಸಿತು. ಅವರ ಹೊಂದಿಕೆಯಲ್ಲಿ ಕೊರತೆ ಏನಿತ್ತು?

ಊರಿಗೆ ಹೋದರೆ ಅಲ್ಲಿಯೂ ಹೊರಗಿನವನಂತೆ ಎನಿಸುತ್ತದೆ. ಇದು ಸಹಜವೇ?

ಸಹಜ. ಗಲ್ಲಾಹಾರ್ನ್ ದಂಪತಿಗಳು 1963ರಲ್ಲಿ, ಹಿಂತಿರುಗಿದ ಮೇಲೆ ಇನ್ನೊಂದು ಇಳಿತ ಬರುವುದನ್ನು ಗುರುತಿಸಿ, ಯು ಆಕಾರದ ರೇಖೆಯನ್ನು ಡಬ್ಲ್ಯು ಆಗಿ ಹಿಗ್ಗಿಸಿದರು. ಪರದೇಶಕ್ಕೆ ಹೊರಡುವವರು ಕಷ್ಟವನ್ನು ನಿರೀಕ್ಷಿಸಿ ಹೊರಡುತ್ತಾರೆ. ಮನೆಗೆ ಮರಳುವವರು ಅದನ್ನು ನಿರೀಕ್ಷಿಸುವುದಿಲ್ಲ, ಪೆಟ್ಟು ಜೋರಾಗುವುದು ಅದರಿಂದ. ಶಾಶ್ವತವಾಗಿ ಮರಳುವ ಕುಟುಂಬಗಳಲ್ಲಿ ಹೆಚ್ಚು ತೊಂದರೆಗೆ ಒಳಗಾಗುವವರು ಹದಿಹರೆಯದ ಮಕ್ಕಳು, ಏಕೆಂದರೆ ಅವರ ಪಾಲಿಗೆ ಅದು ಮರಳುವಿಕೆಯಲ್ಲ, ವಲಸೆ.

ಯಾವಾಗ ವೈದ್ಯಕೀಯ ನೆರವು ಪಡೆಯಬೇಕು?

ಬೇಸರ, ನಿರಾಸಕ್ತಿ, ನಿದ್ದೆಗೇಡು, ಹಸಿವಿನ ಏರುಪೇರು ಇವು ಎರಡು ವಾರಕ್ಕೂ ಮೀರಿ ದಿನವೂ ಇದ್ದು ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಇನ್ನು ಕಾಯಬಾರದು. ನಮ್ಮಲ್ಲಿ ಹಲವರು ಮನಸ್ಸಿನ ನೋವನ್ನು ತಲೆನೋವು, ಎದೆ ಭಾರ, ಹೊಟ್ಟೆಯ ಸಂಕಟ ಎಂದು ಹೇಳುತ್ತಾರೆ. ಪರೀಕ್ಷೆಗಳಲ್ಲಿ ಏನೂ ಕಾಣದಿದ್ದಾಗ, ಮನೆ ಬಿಟ್ಟು ಬಂದ ಮೇಲೆ ಇದು ಶುರುವಾಯಿತು ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳುವುದು ಒಳ್ಳೆಯದು. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಆಪ್ತಸಮಾಲೋಚಕರು ಇರುತ್ತಾರೆ. ಅಮೆರಿಕದಲ್ಲಿ ಚಿಕಿತ್ಸಕರ ಪರವಾನಗಿ ಆಯಾ ರಾಜ್ಯದ್ದಾದ್ದರಿಂದ, ಕನ್ನಡ ಬಲ್ಲವರನ್ನು ಹುಡುಕುವಾಗ ತಮ್ಮ ರಾಜ್ಯದಲ್ಲಿ ಅವರು ಚಿಕಿತ್ಸೆ ಕೊಡಬಹುದೇ ಎಂದು ಮೊದಲೇ ವಿಚಾರಿಸಬೇಕು.

ಬದುಕು ಬೇಡ ಎಂಬ ಯೋಚನೆ ಬಂದರೆ ಅಮೆರಿಕ ಮತ್ತು ಕೆನಡಾ ಎರಡರಲ್ಲೂ 988 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಮಕ್ಕಳು ದೂರ ಹೋದ ಮೇಲೆ ಊರಿನಲ್ಲಿ ಒಂಟಿಯಾಗಿ ಕುಗ್ಗಿರುವ ತಂದೆ ತಾಯಿಗೆ ಭಾರತದ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ.